ಅತ್ತೆಯ ಮೇಲೆ ಸುರಿದ ಇದ್ದಿಲು

ನಮ್ಮ ಭಾವ ನೀಲಪ್ಪ ಸತ್ತಾಗ ಹೆಣವನ್ನು ಎಲ್ಲಿಗೆ ಒಯ್ಯಬೇಕು ಎಂದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊತ್ತು ಏರಿತ್ತು. ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದೆವು. ಮೈ ತೊಳೆದರೂ ಕರಿ ಹೋಗಿರಲಿಲ್ಲ. ಉಗುರ ಸಂದಿಯಲ್ಲಿ, ಕಿವಿಯೊಳಗೆ, ರೆಪ್ಪೆಯ ಬುಡದಲ್ಲಿ ಇದ್ದಿಲ ಪುಡಿ. ಅವನ ಹೆಂಡತಿ ಅಡಿವೆವ್ವ ನನಗೆ ನೆಗೆಣ್ಣಿ. ನಾನು ಅಕ್ಕ ಎನ್ನುತ್ತೇನೆ. ಅಕ್ಕ ಕೊಡದ ಮೇಲೆ ಕೊಡ ನೀರು ಸುರಿದಳು. ಪ್ರತಿ ಸಲವೂ ಕರಿ ನೀರೇ ಹರಿಯಿತು. ಕೊನೆಗೆ ಎತ್ತಿದ ಕೊಡವನ್ನು ಹಾಗೆಯೇ ಇಳಿಸಿದಳು.

"ಸಾಕು ಬಿಡು ವಿದ್ಯಾಶ್ರೀ," ಅಂದಳು ನನಗೆ. "ಇದು ಒಳಗಿಂದ ಬರಾಕತ್ತೈತಿ."

ಗಂಡಸರು ಬೇವಿನ ಗಿಡದ ಕೆಳಗೆ ನಿಂತು ಪಿಸುಗುಟ್ಟುತ್ತಿದ್ದರು. ಹಳ್ಳದ ದಂಡೆಗೆ ಒಯ್ಯೋಣ ಎಂದು ಒಬ್ಬ. ಉಳಿದವರು ತಲೆ ತಗ್ಗಿಸಿದರು. ಸುಡುಗಾಡು ಹೋದ ಮೇಲೆ ಪಂಚಾಯ್ತಿಯವರು ನಮಗೆ ತೋರಿಸಿದ ಜಾಗ ಅದು. ಹೋದ ಮಳೆಗಾಲದಲ್ಲಿ ಗಿರಿಯಪ್ಪಜ್ಜನನ್ನು ಅಲ್ಲಿ ಹೂಳಿದ್ದೆವು. ಹಳ್ಳ ಬಂದು ಇಳಿದ ಮೇಲೆ ಅಜ್ಜನ ಕಾಲು ಹೊರಗೆ ಬಂದಿತ್ತು. ನಾಯಿಗಳಿಗಿಂತ ಮೊದಲು ಅದನ್ನು ನೋಡಿದವಳು ಅವನ ಮೊಮ್ಮಗಳು. ಆ ಹುಡುಗಿ ಇವತ್ತಿಗೂ ಹಳ್ಳದ ನೀರು ಕುಡಿಯುವುದಿಲ್ಲ.

ನಮಗೆ ಸುಡುಗಾಡು ಇರಲಿಲ್ಲವೆಂದಲ್ಲ. ಊರಿನ ಪಡುವಣಕ್ಕೆ, ಆಡೂರಿನ ದಾರಿಯ ಬದಿಗೆ ಗಾಯರಾಣವಿದೆ. ದನ ಮೇಯುವ ಸರಕಾರಿ ಬಯಲು. ಅದರ ಒಂದು ಮೂಲೆಯಲ್ಲಿ ನಮ್ಮ ಕೇರಿಯವರು ಅಜ್ಜನ ಅಜ್ಜನ ಕಾಲದಿಂದ ಸತ್ತವರಿಗೆ ಮಣ್ಣು ಕೊಟ್ಟಿದ್ದೇವೆ. ಊರಿನವರ ಸುಡುಗಾಡಿಗೆ ಕಾಂಪೌಂಡು ಇದೆ, ಗೇಟು ಇದೆ, ಸತ್ತವರ ಹೆಸರು ಕೆತ್ತಿದ ಗದ್ದುಗೆಗಳಿವೆ. ನಮ್ಮ ಮೂಲೆಯಲ್ಲಿ ಜಾಲಿ ಕಂಟಿ ಬಿಟ್ಟರೆ ಏನೂ ಇರಲಿಲ್ಲ. ಕಾಗದದಲ್ಲಿ ನಮ್ಮ ಮೂಲೆಯೂ ಗಾಯರಾಣವೇ. ಆದರೆ ಯಾರ ಕುಣಿ ಎಲ್ಲಿ ಎಂಬುದು ನಮ್ಮ ಗಂಡಸರಿಗೆ ಕಣ್ಣು ಮುಚ್ಚಿದರೂ ಗೊತ್ತು. ಕುಣಿ ತೋಡುವವರು ಅವರೇ. ಕೇರಿಗಷ್ಟೇ ಅಲ್ಲ, ಊರಿನ ಎಲ್ಲ ಹೆಣಕ್ಕೂ ಅವರೇ.

ಆಮೇಲೆ ಕಂಪನಿ ಬಂತು.

ಹುಬ್ಬಳ್ಳಿ ಕಡೆಯ ಎಂಜಿನಿಯರ್ ಹುಡುಗ, ಸುದೀಪ ಅಂತ ಹೆಸರು, ಸಮುದಾಯ ಭವನದಲ್ಲಿ ನಿಂತು ತಿಳಿಸಿ ಹೇಳಿದ. ಕೆಟ್ಟವನಲ್ಲ. ನಮ್ಮ ಮನೆಯ ಚಹಾ ಕುಡಿದವನು. ಕಾರ್ಖಾನೆಗಳ ಹೊಗೆಯಿಂದ ಭೂಮಿ ಕಾಯುತ್ತಿದೆ, ಬೆಳೆಗಳು ಆ ಹೊಗೆಯೊಳಗಿನ ಇಂಗಾಲವನ್ನು ಗಾಳಿಯಿಂದ ಕುಡಿದು ಬೆಳೆಯುತ್ತವೆ, ಹೊಲದಲ್ಲಿ ಉಳಿದ ಕಟ್ಟಿಗೆ ಕೊಳೆತರೆ, ಸುಟ್ಟರೆ ಅದು ಮತ್ತೆ ಗಾಳಿಗೇ ಹೋಗುತ್ತದೆ. ಅದನ್ನೇ ಗಾಳಿ ಆಡದ ಭಟ್ಟಿಯಲ್ಲಿ ಬೇಯಿಸಿ ಇದ್ದಿಲು ಮಾಡಿ ಆಳದಲ್ಲಿ ಹೂತುಬಿಟ್ಟರೆ ನೂರಾರು ವರ್ಷ ಮೇಲೆ ಬರುವುದಿಲ್ಲ. ಎಲ್ಲೋ ದೂರದ ಸಿಮೆಂಟ್ ಕಾರ್ಖಾನೆ ತಾನು ಬಿಟ್ಟ ಹೊಗೆಗೆ ಬದಲಾಗಿ ಇಲ್ಲಿ ಇದ್ದಿಲು ಹೂಳಿಸುತ್ತದೆ. ಲೆಕ್ಕ ಸರಿಹೋಗುತ್ತದೆ.

"ಅಂದ್ರ ಅವರು ಹೊಗಿ ಬಿಡ್ತಾರ, ನಾವು ಕುಣಿ ತೋಡ್ತೀವಿ," ಅಂದ ಭಾವ. ಎಲ್ಲರೂ ನಕ್ಕರು. ಸುದೀಪನೂ ನಕ್ಕ.

ಊರಿನ ಬಸವೇಶ ಸಾವುಕಾರ ಮುಂದೆ ನಿಂತು ಗಾಯರಾಣವನ್ನು ಕಂಪನಿಗೆ ಕೊಡಿಸಿದ. ಕಟ್ಟಿಗೆ ತರಿಸುವ ಗುತ್ತಿಗೆ ಅವನದೇ. ಹಿರೇಕೆರೂರಿನಿಂದ ಹತ್ತಿ ಕಟ್ಟಿಗೆ, ಶಿಗ್ಗಾವಿ ಕಡೆಯಿಂದ ಕಾಳು ಬಿಡಿಸಿದ ಗೋವಿನಜೋಳದ ತೆನೆ, ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್. ಭಾವ ಮೊದಲೇ ಅವನ ಮನೆಯ ಕಟ್ಟೆಯ ಕೆಳಗೆ ನಿಂತು ಕೇಳಿದ್ದ.

"ಸಾವ್ಕಾರ್ರ, ನಮ್ಮ ಮೂಲಿಗೆ ಬರಬ್ಯಾಡ್ರಿ. ಅಲ್ಲೆ ನಮ್ಮ ಹಿರ್ಯಾರು ಅದಾರ."

"ಯಾರು ಬರ್ತಾರಲೇ? ಗುಂಡಿ ಆ ಕಡೆ. ಎಲುಬು ಏನರೆ ಬಂದ್ರ ಹೇಳು, ಅಲ್ಲಿಗೇ ನಿಲ್ಲಿಸ್ತಾರ. ಕಂಪನಿ ಕಾಯ್ದೆ ಹಂಗೈತಿ."

ಮೊದಲ ಗುಂಡಿ ಆ ಕಡೆಯೇ ಆಯಿತು. ಎರಡನೆಯದು ನಮ್ಮ ಮೂಲೆಯ ಕಡೆ ಸರಿಯಿತು. ಕಂಟಿ ಕಡಿದರು. ಜೆಸಿಬಿ ನಡುವೆ ತೋಡುತ್ತ ಹೋಗುವುದು, ನಮ್ಮ ಗಂಡಸರು ಕೆಳಗಿಳಿದು ಗೋಡೆಯನ್ನು ಗುದ್ದಲಿಯಿಂದ ನೇರ ಮಾಡುವುದು. ಕೆರೆಯಂಥ ಗುಂಡಿ. ಭಾವ, ನನ್ನ ಗಂಡ ದುರ್ಗೇಶ, ಇನ್ನೂ ಕೆಲವರು. ಜೆಸಿಬಿ ನಡೆಸುವವನು ಸವಣೂರಿನ ಖಲಂದರ. ಒಂದು ದಿನ ಸಿಮೆಂಟ್ ಕಾರ್ಖಾನೆಯ ಕಡೆಯವರು ನೋಡಲು ಬಂದಿದ್ದರು. ಗುಂಡಿಯ ದಂಡೆಯ ಮೇಲೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಕ್ಯಾಮರಾ.

ಖಲಂದರ ಬಕೆಟ್ಟನ್ನು ನಡುವೆಯೇ ನಿಲ್ಲಿಸಿದ. "ನೀಲಣ್ಣ, ಇಲ್ಲೇನೋ ಹತ್ತೇತಿ. ನೋಡು ಒಂಚೂರು."

ಭಾವ ಹೋಗಿ ಬಾಗಿದ. ಮಣ್ಣಿನಿಂದ ಮೊಣಕಾಲ ಕೆಳಗಿನ ಒಂದು ಉದ್ದ ಎಲುಬು ಹೊರಗೆ ಬಂದಿತ್ತು. ನಡುವೆ ಸೊಟ್ಟ. ಮುರಿದು, ಸರಿಯಾಗಿ ಕೂಡದೆ ಸೊಟ್ಟಗೆ ಬೆಸೆದ ಎಲುಬು. ಕಬ್ಬಿನ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು, ಸಾಯುವ ತನಕ ಕುಂಟಿದವಳು ನಮ್ಮ ಅತ್ತೆ ಕೆಂಚವ್ವ. ಅವಳ ಕುಣಿಯನ್ನು ತೋಡಿದವನೂ ಭಾವನೇ.

ಕುಣಿ ತೋಡುವವರ ಒಂದು ರೂಢಿಯಿದೆ. ಹೊಸ ಕುಣಿ ತೋಡುವಾಗ ಹಳೆಯ ಎಲುಬು ಸಿಕ್ಕರೆ ಮಾತಾಡಬಾರದು. ಮೇಲೆ ತರಬಾರದು. ಬಿಸಿಲು ತೋರಿಸಬಾರದು. ಕುಣಿಯ ಗೋಡೆಯಲ್ಲೇ ಗೂಡು ಕೊರೆದು ಒಳಗಿಟ್ಟು, ಹಸಿ ಮಣ್ಣು ಮೆತ್ತಿ, ಮೇಲೆ ಬಂದು ಸುಮ್ಮನೆ ಕೂಡಬೇಕು. ಮಣ್ಣು ಕೊಡಲು ಬಂದವರಿಗೆ ಸುಳಿವೂ ಸಿಗಬಾರದು. ಊರಿನ ಎಲ್ಲ ಜಾತಿಯ ಸತ್ತವರ ಮಾನವನ್ನು ನಮ್ಮವರು ಹಾಗೆಯೇ ಕಾದಿದ್ದಾರೆ. ಯಾರೂ ಅವರಿಗೆ ಅದನ್ನು ಹೇಳಿಕೊಟ್ಟಿಲ್ಲ. ಕೈಗೇ ಗೊತ್ತು.

ಭಾವನ ಕೈ ಅದನ್ನೇ ಮಾಡಿತು. ತಲೆಯ ರುಮಾಲು ಬಿಚ್ಚಿ ಹಾಸಿದ. ಅಣ್ಣ ತಮ್ಮ ಸೇರಿ ಸಿಕ್ಕಿದ್ದನ್ನೆಲ್ಲ ಆರಿಸಿದರು. ಬೆನ್ನು ದಂಡೆಯ ಕಡೆಗೆ ಮಾಡಿ ಗೋಡೆಯಲ್ಲಿ ಗೂಡು ಕೊರೆದರು. ಇಟ್ಟರು. ಮೆತ್ತಿದರು.

"ಏನಿತ್ತದು?" ಮೇಲಿನಿಂದ ಸುದೀಪ ಕೂಗಿ ಕೇಳಿದ.

"ಬೇರು, ಸರ," ಅಂದ ಭಾವ.

ಖಲಂದರ ಅವನನ್ನೇ ನೋಡಿದ. ಬಕೆಟ್ಟು ಎತ್ತಿದ.

ಮನೆಗೆ ಬಂದು ಹೇಳಿದಾಗ ಅಕ್ಕ ಒಲೆಯ ಮುಂದಿನಿಂದ ಎದ್ದಳು.

"ಎತ್ತಿ ಹಿಡದು ತೋರಿಸಬೇಕಿತ್ತಲ್ಲ! ಎಲುಬು ಬಂದ್ರ ನಿಲ್ಲಿಸ್ತೀವಿ ಅಂತ ಅವರ ಬಾಯಿಲೇನ ಹೇಳಿದ್ರಲ್ಲ! ಬೇರು ಅಂತ ಯಾಕ ಅಂದಿ? ಬಾಯಾಗ ಏನು ಇಟಗೊಂಡಿದ್ದಿ?"

"ನಮ್ಮವ್ವನ ಕಾಲು ಎತ್ತಿ ಆ ಮಂದಿಗೆ ತೋರಿಸ್ಲೇನು?" ಭಾವನ ಧ್ವನಿ ಸಣ್ಣಗಿತ್ತು. "ಫೋಟೋ ತಗೀತಿದ್ರು ಅವರು. ಸೀರಿ ಮೊಣಕಾಲ ಮ್ಯಾಲ ಸರದ್ರ ಒದರಾಡ್ತಿದ್ಲು ಅಕಿ."

ಅಕ್ಕ ಕೂತುಬಿಟ್ಟಳು. ರೊಟ್ಟಿ ಸೀದು ಹೋಯಿತು.

ಮರುದಿನ ಬೆಳಿಗ್ಗೆಯೇ ಭಾವ ಸಾವುಕಾರನ ಕಟ್ಟೆಯ ಕೆಳಗೆ ನಿಂತ. ಇದ್ದದ್ದನ್ನು ಹೇಳಿದ. ಸಾವುಕಾರ ಹಲ್ಲು ತಿಕ್ಕುತ್ತಿದ್ದ. ಉಗುಳಿದ.

"ನಿನ್ನಿ ಬೇರು ಅಂದಿ. ಇವತ್ತು ಅವ್ವ ಅಂತಿ. ನಾಳೆ ಏನಂತೀಯೋ ಮಾರಾಯ? ಹತ್ತು ಮಂದಿ ಮುಂದ ನೀನ ಏನೂ ಇಲ್ಲ ಅಂದೀದಿ. ಒಳಗ ತಾಡಪತ್ರಿ ಹಾಸ್ಯಾರ, ಮಾಲು ಬೀಳಾಕತ್ತೈತಿ. ದುಡದ್ರ ದುಡಿ, ಬ್ಯಾಡಾದ್ರ ಬಿಡು."

ಭಾವ ಬಿಡಲಿಲ್ಲ. ಬಿಟ್ಟರೆ ಅವ್ವನ ಹತ್ತಿರ ಯಾರೂ ಇರುವುದಿಲ್ಲ ಎಂದ.

ನಾವು ಹೆಂಗಸರು ಇದ್ದಿಲು ಹೊತ್ತೆವು. ಭಟ್ಟಿಯ ಬಾಯಿ ತೆಗೆದು ನೀರು ಹೊಡೆದಾಗ ಏಳುವ ಹಬೆ ಮುಖಕ್ಕೆ ಬಡಿಯುತ್ತದೆ. ಕಣ್ಣು ಉರಿಯುತ್ತದೆ. ಬುಟ್ಟಿಯಲ್ಲಿ ತುಂಬಿ, ಸಿಂಬೆಯ ಮೇಲಿಟ್ಟು, ಹಲಗೆಯ ಮೇಲೆ ನಡೆದು ಗುಂಡಿಗೆ ಸುರಿಯಬೇಕು. ಬುಟ್ಟಿಯ ಸಂದಿಯಿಂದ ಕರಿ ನೀರು ಕುತ್ತಿಗೆಗೆ, ಕುತ್ತಿಗೆಯಿಂದ ಕುಪ್ಪಸದೊಳಗೆ ಇಳಿಯುತ್ತದೆ. ನೋಡಲು ಜನ ಬರುವ ದಿನ ಬಾಯಿಗೆ ಕಟ್ಟಿಕೊಳ್ಳಲು ಬಿಳಿ ಮಾಸ್ಕು ಕೊಡುತ್ತಿದ್ದರು. ಸಂಜೆಗೆ ಎಣಿಸಿ ವಾಪಸು ಇಸಿದುಕೊಳ್ಳುತ್ತಿದ್ದರು. ಮನೆಗೆ ಬಂದು ಮಗಳ ತಲೆ ಬಾಚಿದರೆ ಅವಳ ಹಣೆಯ ಮೇಲೆ ನನ್ನ ಬೆರಳು ಮೂಡುತ್ತಿದ್ದವು. ಶಾಲೆಯಲ್ಲಿ ಅವಳಿಗೆ ಇದ್ದಲಿ ಎಂದೇ ಹೆಸರು ಬಿತ್ತು.

ಗಂಡಸರ ಕೆಲಸ ತುಳಿಯುವುದು. ಸುರಿದ ಇದ್ದಿಲು ಗಟ್ಟಿ ಕೂಡಬೇಕೆಂದು ಸಾಲಾಗಿ ನಿಂತು, ಬರಿಗಾಲಲ್ಲಿ, ಒಬ್ಬರ ಹೆಗಲು ಒಬ್ಬರು ಹಿಡಿದು ತುಳಿಯುತ್ತಿದ್ದರು. ಭಾವ ಆ ಒಂದು ಮೂಲೆಯ ಹತ್ತಿರ ಬಂದಾಗ ಸಾಲು ಬಿಟ್ಟು ಹೊರಗೆ ಸರಿಯುತ್ತಿದ್ದ.

"ಏ ನೀಲ್ಯಾ, ಆ ಮೂಲಿ ತುಳೀಲೇ! ನಿಮ್ಮಪ್ಪ ಬಂದು ತುಳೀತಾನೇನು?" ಮೇಲ್ವಿಚಾರಣೆಗೆ ನಿಂತ ಸಾವುಕಾರನ ಅಳಿಯ ದಂಡೆಯಿಂದ ಕೂಗುತ್ತಿದ್ದ.

ಒಂದು ದಿನ ಭಾವ ತುಳಿದ. ಕೆಳಗೆ ನೋಡದೆ, ತುಟಿ ಕಚ್ಚಿಕೊಂಡು ತುಳಿದ. ಅವತ್ತಿನಿಂದ ಅವನು ಉಣ್ಣುವುದು ಬಿಟ್ಟ.

ಆ ಮೂಲೆಯ ಬಗ್ಗೆ ನಾವು ಹೆಂಗಸರು ಮಾತಾಡುತ್ತಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು. ಬೇರೆ ಕಡೆ ಬುಟ್ಟಿ ಸುರಿದರೆ ಸುರ್ರ್ ಎಂದು ಸದ್ದಾಗುತ್ತದೆ. ಅಲ್ಲಿ ಸದ್ದೇ ಬರುತ್ತಿರಲಿಲ್ಲ. ಯಾರೋ ಸೆರಗೊಡ್ಡಿ ಹಿಡಿದ ಹಾಗೆ. ಒಳಗಿನ ಕಾವು ಅಳೆಯಲು ನೆಟ್ಟ ಕೊಳವೆಗಳಲ್ಲಿ ಆ ಮೂಲೆಯದು ಮಾತ್ರ ಹೆಚ್ಚು ತೋರಿಸುತ್ತಿತ್ತು. ಸುದೀಪ ಅದನ್ನು ಕಿತ್ತು ಬೇರೆ ನೆಟ್ಟ. ಅದೂ ಹಾಗೆಯೇ ತೋರಿಸಿತು.

"ಅವ್ವ ಬಿಸಿ ಬಿಸಿ ಅನ್ನಾಕತ್ತಾಳ," ಅನ್ನುತ್ತಿದ್ದ ಭಾವ, ಊಟದ ತಾಟಿನ ಮುಂದೆ ಕೂತು. "ಉಸರು ಕಟ್ಟಾಕತ್ತೈತಿ ಅಂತಾಳ. ಅಕಿ ಒಬ್ಬಾಕಿ ಅಲ್ಲ. ಹಿಂದ ಇನ್ನೂ ಮಂದಿ ಅದಾರ. ಎಲ್ಲಾರೂ ನನ್ನ ಹೆಸರು ಹಿಡದ ಕೇಳ್ತಾರ. ಬೇರೇನೋ ನೀಲಪ್ಪ? ನಾವು ಬೇರೇನು? ಅಂತಾರ."

"ಸುಮ್ನಿರ್ರಿ ಭಾವ, ಹಂಗೆಲ್ಲ ಮಾತಾಡಬ್ಯಾಡ್ರಿ," ಅನ್ನುತ್ತಿದ್ದೆ ನಾನು. ಅನ್ನುತ್ತಲೇ ನನಗೂ ಕಿವಿ ನಿಮಿರುತ್ತಿತ್ತು.

ಕೆಮ್ಮು ಶುರುವಾಯಿತು. ಹಾನಗಲ್ಲಿನ ದವಾಖಾನೆಯಲ್ಲಿ ಕ್ಷಯ ಎಂದರು. ಹಾವೇರಿಯಲ್ಲಿ ಅಲ್ಲ ಎಂದರು. ಉಗುಳು ಕರ್ರಗಿತ್ತು. ಗುಂಡಿ ತುಂಬಿ, ಮೇಲೆ ತಾಡಪತ್ರಿ ಎಳೆದು, ಜೇಡಿಮಣ್ಣು ಹೊದಿಸಿ ಮುಚ್ಚಿದರು. ನೂರು ವರ್ಷ ಯಾರೂ ಮುಟ್ಟಬಾರದು ಎಂದು ಬೋರ್ಡು ಬಡಿದರು. ಆಮೇಲೆ ಭಾವ ಹೆಚ್ಚು ದಿನ ಉಳಿಯಲಿಲ್ಲ.

ಹೆಣದ ಮುಂದೆ ಅಕ್ಕ ಎದ್ದು ನಿಂತಳು. ಬೇವಿನ ಗಿಡದ ಕಡೆಗೆ ನಡೆದಳು. ಗಂಡಸರು ಮಾತು ನಿಲ್ಲಿಸಿದರು.

"ಹಳ್ಳಕ್ಕ ಒಯ್ಯಂಗಿಲ್ಲ," ಅಂದಳು.

"ಮತ್ತೆಲ್ಲಿಗೆ, ಅತ್ತಿಗಿ?" ದುರ್ಗೇಶ ಕೇಳಿದ.

"ಅವರವ್ವನ ಕಡೆ."

"ಕೇಸು ಹಾಕ್ತಾರ. ಬೋರ್ಡು ಐತಿ ಅಲ್ಲೆ."

"ನಿನಗ ಓದಾಕ ಬರ್ತೈತಿ, ನೀ ಅಂಜು. ನನಗ ಬರಂಗಿಲ್ಲ."

ಯಾರೂ ಅಲುಗಲಿಲ್ಲ. ನಮ್ಮಲ್ಲಿ ಹೆಂಗಸರು ಸುಡುಗಾಡಿಗೆ ಹೋಗುವುದಿಲ್ಲ. ಗುದ್ದಲಿ ಮುಟ್ಟುವುದಂತೂ ದೂರ. ಅಕ್ಕ ಮೂಲೆಯಲ್ಲಿದ್ದ ಭಾವನ ಗುದ್ದಲಿ ತೆಗೆದುಕೊಂಡಳು. ಹೆಗಲಿಗೇರಿಸಿದಳು. ನಾನು ಸಲಿಕೆ ಹಿಡಿದೆ. ನನ್ನ ಹಿಂದೆ ಇದ್ದಿಲು ಹೊರುವ ಹೆಂಗಸರೆಲ್ಲ ಬಂದರು. ಆಗ ಗಂಡಸರು ನಾಚಿ ಹೆಣ ಎತ್ತಿದರು.

ಗಾಯರಾಣಕ್ಕೆ ಕಂಪನಿ ಹಾಕಿಸಿದ ಗೇಟಿಗೆ ಚಿಲಕವಿತ್ತು, ಕೀಲಿ ಇರಲಿಲ್ಲ. ನಾವು ಒಳಗೆ ಹೋದೆವು. ಸಾವುಕಾರ ಬರುವಷ್ಟರಲ್ಲಿ ಅಕ್ಕ ಗುಂಡಿಯ ಮೂಲೆಯಲ್ಲಿ ನಿಂತು ಗುದ್ದಲಿ ಬೀಸಿಯಾಗಿತ್ತು. ಜೇಡಿಮಣ್ಣು ಕಲ್ಲಿನ ಹಾಗೆ ಕೂತಿತ್ತು. ಅವಳ ಮೊದಲ ಏಟಿಗೆ ಗುದ್ದಲಿ ಹಾರಿ ಹಿಂದಕ್ಕೆ ಬಂತು.

"ಏ ಅಡಿವೆವ್ವ! ತಲಿ ಕೆಟ್ಟೇತೇನ ನಿನಗ? ಮುಚ್ಚಿದ್ದನ್ನ ತಗದ್ರ ಕಂಪನಿ ಮುಳುಗಿ ಹೋಗ್ತೈತಿ!" ಸಾವುಕಾರ ಕಾರಿನ ಬಾಗಿಲು ಹಾಕದೆಯೇ ಓಡಿ ಬಂದ. ಹಿಂದೆ ಸುದೀಪ. "ನಿನ್ನ ಗಂಡನ ಏನೂ ಇಲ್ಲ ಅಂದಾನ. ಈಗ ಹೆಣ ತಂದು ನಾಟಕ ಮಾಡ್ತಿ?"

"ಹೌದ್ರಿ. ಅಂದಾನ. ತಪ್ಪು ಮಾಡ್ಯಾನ. ನಿಮ್ಮ ಮುಂದ ಅವ್ವನ ಮಾನ ಕಾಯಾಕ ಹೋಗಿ ಅವ್ವನ್ನ ಕಳಕೊಂಡ." ಅಕ್ಕ ಮತ್ತೆ ಬೀಸಿದಳು. "ನಾ ಮಾನ ಕಾಯಂಗಿಲ್ಲ. ನಾ ತಗೀತೇನಿ."

"ದುರ್ಗ್ಯಾ, ಹೇಳೋ ಅಕಿಗೆ! ನಾಳಿಂದ ಕೆಲಸ ಬೇಕೋ ಬ್ಯಾಡೋ ನಿನಗ?"

ನನ್ನ ಗಂಡ ಸಾವುಕಾರನನ್ನು ನೋಡಿದ. ಅಣ್ಣನ ಹೆಣ ನೋಡಿದ. ಆಮೇಲೆ ಹೋಗಿ ಅತ್ತಿಗೆಯ ಕೈಯಿಂದ ಗುದ್ದಲಿ ತೆಗೆದುಕೊಂಡ.

"ಅಲ್ಲಲ್ಲ, ಅತ್ತಿಗಿ," ಅಂದ. "ಇಲ್ಲೆ. ಈ ಬದಿಗೆ. ಜಾಗ ನನಗ ಗೊತ್ತೈತಿ."

ಗುಂಡಿಯ ಅಂಚಿಗೆ ತಾಗಿ ಹೊರಗಿನಿಂದ ತೋಡಿದರು. ಆಳು ಮುಳುಗುವಷ್ಟು ಇಳಿದರು. ಒಂದು ಕಡೆ ತಾಡಪತ್ರಿ ಹರಿದು ಇದ್ದಿಲು ಜರ್ರನೆ ಜಾರಿ ಅವರ ಮೊಣಕಾಲಿಗೆ ಬಂತು. ಸಲಿಕೆಯಿಂದ ಎಳೆದು ಹೊರಗೆ ಹಾಕಿದೆವು. ಆಮೇಲೆ ದುರ್ಗೇಶ ಗುದ್ದಲಿ ಬಿಟ್ಟು ಕೈಯಿಂದ ಕೆದರತೊಡಗಿದ. ಮೆತ್ತಿದ ಮಣ್ಣು ಉದುರಿತು. ರುಮಾಲಿನ ಅಂಚು ಕಂಡಿತು.

ಅದನ್ನು ಅಕ್ಕನೇ ಇಳಿದು ಎತ್ತಿಕೊಂಡಳು. ಎದೆಗೆ ಹಿಡಿದು ಮೇಲೆ ಬಂದಳು. ನೆಲದ ಮೇಲಿಟ್ಟು ಗಂಟು ಬಿಚ್ಚಿದಳು. ಬಿಸಿಲಿನಲ್ಲಿ ಆ ಸೊಟ್ಟ ಕಾಲು ಎಲ್ಲರಿಗೂ ಕಂಡಿತು.

ಸಾವುಕಾರ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮೂಗಿಗೆ ಕರವಸ್ತ್ರ ಹಿಡಿದ. "ದನದ್ದು ಇರಬೇಕದು," ಅಂದ.

ಮುಂದಿನ ಗುಂಡಿ ತೋಡಲು ನಿಲ್ಲಿಸಿದ್ದ ಜೆಸಿಬಿಯ ಮೆಟ್ಟಿಲ ಮೇಲೆ ಕೂತಿದ್ದ ಖಲಂದರ ಇಳಿದು ಬಂದ. "ದನದ ಎಲುಬು ರುಮಾಲಿನಾಗ ಕಟ್ಟಿ ಇಡ್ತಾರೇನ್ರಿ ಸಾವ್ಕಾರ್ರ? ಬಕೆಟ್ ನಿಲ್ಲಿಸಿದಾವ ನಾನ ಇದ್ದೇನಿ. ಎಲ್ಲಿ ಕರೀತೀರಿ ಅಲ್ಲಿ ಬಂದು ಹೇಳ್ತೇನಿ."

ಸುದೀಪನ ಮುಖದ ಮೇಲೆ ಬೆವರು ಕರ್ರಗೆ ಇಳಿಯುತ್ತಿತ್ತು. ಅವನು ಇದ್ದಿಲು ಮುಟ್ಟಿಯೇ ಇರಲಿಲ್ಲ.

ಅತ್ತೆಯ ಎಲುಬನ್ನು ಮತ್ತೆ ಒಳಗಿಳಿಸಿ, ಭಾವನನ್ನು ಅವಳ ಬದಿಗೆ ಇಟ್ಟೆವು. ಮಣ್ಣು ಕೊಟ್ಟೆವು. ಹೆಂಗಸರೂ ಕೊಟ್ಟೆವು. ನಮ್ಮ ಹಿಡಿಯಲ್ಲಿ ಮಣ್ಣೆಷ್ಟು, ಇದ್ದಿಲೆಷ್ಟು ಎಂದು ತಿಳಿಯುತ್ತಿರಲಿಲ್ಲ.

ಪೊಲೀಸರು ಬಂದು ನಮ್ಮ ಹೆಸರು ಬರೆದುಕೊಂಡು ಹೋದರು. ಕೆಲಸ ಎಲ್ಲರದೂ ಹೋಯಿತು. ಆಮೇಲೆ ಒಂದು ಮಧ್ಯಾಹ್ನ ಸುದೀಪ ಒಬ್ಬನೇ ಬಂದ. ಮನೆಯ ಕಟ್ಟೆಯ ಮೇಲೆ ಕೂತ. ಅಕ್ಕ ನೀರು ಕೊಟ್ಟಳು.

"ಅಕ್ಕಾರ, ಕಂಪನಿಯವರು ಒಪ್ಯಾರ," ಅಂದ. "ಕೇಸು ಹಿಂದಕ್ಕ ತಗೋತಾರ. ಆ ಮೂಲಿಗೆ ತಂತಿ ಬೇಲಿ ಹಾಕಿ ಕೊಡ್ತಾರ. ಒಂದು ಚಲೋ ಕಲ್ಲು ನಿಲ್ಲಿಸಿ ನೀಲಪ್ಪನವರ ಹೆಸರು ಬರಸ್ತಾರ. ನೀವು ಒಪ್ಪಿದ್ರ ಸಾಕು. ಊರಿನವರ ಹಿರ್ಯಾರ ಜಾಗ ಕಾಯ್ದೀವಿ ಅಂತ ಸಿಮೆಂಟಿನವರಿಗೂ ತಿಳಸ್ತಾರ. ಅದಕ್ಕ ಈಗ ಭಾಳ ಬೆಲಿ ಐತ್ರಿ. ಹಂಗಿದ್ದ ಗುಂಡಿಗೆ ಜಾಸ್ತಿ ಕೊಡ್ತಾರ."

ಅಕ್ಕ ನೀರಿನ ಕೊಡ ಮುಚ್ಚಿಟ್ಟು ಬಂದು ಅವನೆದುರು ಕೂತಳು.

"ಅಂದ್ರ ನಮ್ಮ ಅತ್ತಿನೂ ಅವರ ಹೊಗಿ ಲೆಕ್ಕಕ್ಕ ಬಂದ್ಲು?"

"ಹಂಗಲ್ರಿ..."

"ನನ್ನ ಗಂಡನೂ ಬಂದ?"

ಸುದೀಪ ನೀರಿನ ಲೋಟ ನೋಡುತ್ತ ಕೂತ. "ಮತ್ತ ಏನು ಬೇಕ್ರಿ ನಿಮಗ? ನನ್ನ ಕೈಲಾಗೂದು ಇಷ್ಟ."

"ಇದ್ದಲಿ ತಗೀರಿ."

"ಏನ್ರಿ?"

"ಗುಂಡಿ ಖಾಲಿ ಮಾಡ್ರಿ. ಒಂದು ಮೂಲಿ ಅಲ್ಲ. ಕೆಳಗ ಯಾರ್ಯಾರು ಅದಾರ ನಿಮಗ ಗೊತ್ತಿಲ್ಲ. ನನ್ನ ಗಂಡಗ ಗೊತ್ತಿತ್ತು. ದಿನಾ ಹೆಸರು ಹಿಡದ ಹೇಳ್ತಿದ್ದ."

"ಆಗಂಗಿಲ್ರಿ, ಅಕ್ಕಾರ. ತಗದ್ರ ಇಷ್ಟು ದಿನ ಹೂಳಿದ್ದೆಲ್ಲ ಲೆಕ್ಕದಿಂದ ಹೋಗ್ತೈತಿ. ಆ ಹೊಗಿ ಮತ್ತ ಹೊಳ್ಳಿ ಕಾರ್ಖಾನಿ ತಲಿ ಮ್ಯಾಲ ಬರ್ತೈತಿ."

"ಬರ್ಲಿ," ಅಂದಳು ಅಕ್ಕ. "ಬಿಟ್ಟವರ ತಲಿ ಮ್ಯಾಲ ಬರ್ಲಿ. ನಮ್ಮ ಅತ್ತಿ ಎದಿ ಮ್ಯಾಲ ಯಾಕ?"

ಅವನು ಹೋದ. ಕಲ್ಲಿನ ಮಾತು ಮತ್ತೆ ಯಾರೂ ತೆಗೆಯಲಿಲ್ಲ. ಕಂಪನಿಯವರು ಯಾರೂ ಬರಲಿಲ್ಲ, ಇದ್ದಿಲೂ ತೆಗೆಸಲಿಲ್ಲ. ತಹಶೀಲ್ದಾರರ ಕಚೇರಿಯಲ್ಲಿ ಅಕ್ಕ ದಿನಗಟ್ಟಲೆ ನೆರಳಿಗೆ ಕೂತು ಬಂದಳು. ವಿಚಾರಣೆ ನಡೆದಿದೆ ಎಂದರು.

ಒಂದು ಬೆಳಿಗ್ಗೆ ನಾನು ನೀರಿಗೆ ಹೊರಟಾಗ ಅಕ್ಕ ಸೆರಗು ಸುತ್ತಿ ಸಿಂಬೆ ಮಾಡಿಕೊಳ್ಳುತ್ತಿದ್ದಳು. ಬಗಲಲ್ಲಿ ಬುಟ್ಟಿ.

"ಎಲ್ಲಿಗೆ ಅಕ್ಕ? ಕೆಲಸ ಬಿಡಿಸ್ಯಾರಲ್ಲ."

"ಹೊರಾಕ ಹೊಂಟೇನಿ," ಅಂದಳು. "ಹೊತ್ತು ಹಾಕಿದವರು ನಾವ. ತಗಿಯಾಕೂ ನಮಗ ಬರ್ತೈತಿ."

ನಾನು ಕೊಡ ಇಳಿಸಿ ಬುಟ್ಟಿ ತಂದೆ. ಹರಿದ ತಾಡಪತ್ರಿಯ ಬಾಯಿಯಿಂದ ಮೊದಲ ಬುಟ್ಟಿ ತುಂಬಿದೆವು. ಅದನ್ನು ಹೊತ್ತು ಹೋಗಿ ಕಂಪನಿಯ ಆಫೀಸಿನ ಮೆಟ್ಟಿಲ ಮೇಲೆ ಸುರಿದೆವು. ಮತ್ತೆ ಹೋದೆವು. ಮಧ್ಯಾಹ್ನಕ್ಕೆ ಕೇರಿಯ ಹೆಂಗಸರೆಲ್ಲ ಸಾಲಿನಲ್ಲಿದ್ದರು. ಕೂಲಿ ಯಾರು ಕೊಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಪೊಲೀಸರು ಎಬ್ಬಿಸುತ್ತಾರೆ, ಬೈಯುತ್ತಾರೆ, ಜೀಪಿನಲ್ಲಿ ಕೂಡಿಸಿಕೊಂಡು ಹೋಗಿ ಸಂಜೆಗೆ ಬಿಡುತ್ತಾರೆ. ಮರುದಿನ ಮತ್ತೆ ಹೋಗುತ್ತೇವೆ. ಕೆಳಗೆ ಹೋದಷ್ಟೂ ಇದ್ದಿಲು ಬೆಚ್ಚಗಾಗುತ್ತಿದೆ. ಆಳದಲ್ಲಿ ಮಾತಿನಂಥ ಸದ್ದಿದೆ. ಇಳಿದವರು ಕೆಲಸ ನಿಲ್ಲಿಸಿ ಕಿವಿಗೊಡುತ್ತಾರೆ, ಆಮೇಲೆ ಇನ್ನೂ ಬೇಗ ಬೇಗ ತುಂಬುತ್ತಾರೆ.

ಇನ್ನೂ ಹೊರುತ್ತಿದ್ದೇವೆ. ತಳ ಸಿಕ್ಕಿಲ್ಲ.